ಯಾರದೋ ಮನೆಯ ಡ್ರೆಸ್ಸರ್

ನಮ್ಮ ಕೂಟದ ಹಿರಿಯ ಸದಸ್ಯರ ಮನೆಗಳಲ್ಲಿರುವ ಮೇಜು, ಮಂಚ, ಕುರ್ಚಿಗಳ ಚರಿತ್ರೆಯನ್ನು ಯಾರಾದರೂ ಬರೆಯಹೊರಟರೆ ಅದರಲ್ಲಿ ಮೂರು ಅಧ್ಯಾಯಗಳು ಇದ್ದೇ ಇರುತ್ತವೆ. ಮೊದಲನೆಯದು ವಿದ್ಯಾರ್ಥಿ ದೆಸೆ. ಊರು ಖಾಲಿ ಮಾಡಿದ ಇನ್ನೊಬ್ಬ ಭಾರತೀಯ ಹುಡುಗ ಬಿಟ್ಟುಹೋದ ಮಂಚ, ಕಸದ ಲಾರಿ ಬರುವ ಹಿಂದಿನ ರಾತ್ರಿ ರಸ್ತೆಯ ಅಂಚಿನಿಂದ ಹೊತ್ತು ತಂದ ಮೇಜು, ಗರಾಜ್ ಸೇಲ್‌ನಲ್ಲಿ ಐದು ಡಾಲರಿಗೆ ಸಿಕ್ಕ ಕುರ್ಚಿ. ಎರಡನೆಯದು ಕೆಲಸ ಸಿಕ್ಕಿ, ಮದುವೆಯಾಗಿ, ಮನೆ ಕೊಂಡ ಮೇಲಿನದು. ಆಗ ಎಲ್ಲವೂ ಹೊಸದೇ ಆಗಬೇಕು, ಒಂದಕ್ಕೊಂದು ಹೊಂದಬೇಕು, ಕಂತಿನಲ್ಲಾದರೂ ಸರಿ ಇಡೀ ಸೆಟ್ಟೇ ಬರಬೇಕು. ಮೂರನೆಯದು ಮಕ್ಕಳು ಕಾಲೇಜಿಗೆ ಹೋಗಿ, ಮನೆಯ ಸಾಲ ತೀರುತ್ತ ಬಂದ ಕಾಲದ್ದು. ಆಗ ಮನಸ್ಸು ಮತ್ತೆ ಹಳೆಯ ಸಾಮಾನಿನ ಕಡೆಗೆ ತಿರುಗುತ್ತದೆ! ಅಂದು ಐದು ಡಾಲರಿಗೆ ಬೇಡವೆನಿಸಿದ್ದನ್ನು ಇಂದು ಐನೂರು ಡಾಲರಿಗೆ ತಂದು, ಬಂದ ಅತಿಥಿಗಳಿಗೆಲ್ಲ ಕೈಹಿಡಿದು ತೋರಿಸುತ್ತೇವೆ.

ಇದನ್ನು ಹೇಳಿ ನಕ್ಕುಬಿಡಬಹುದು. ಆದರೆ ಇದರ ಹಿಂದೆ ನಿಜವಾದ ಒಂದು ಪ್ರಶ್ನೆಯಿದೆ. ಯಾರೋ ಬಳಸಿ, ಯಾರೋ ಬಿಟ್ಟು, ಇನ್ಯಾರೋ ರಿಪೇರಿ ಮಾಡಿ ಮಾರುವ ಹಳೆಯ ವಸ್ತುವನ್ನು ಮನೆಗೆ ತರುವಾಗ ನಾವು ನಿಜವಾಗಿ ಏನನ್ನು ತರುತ್ತೇವೆ? ತಂದ ಮೇಲೆ ಅದರ ಬಗ್ಗೆ ನಮಗೆ ಏನಾದರೂ ಹೊಣೆ ಇದೆಯೇ, ಅಥವಾ ದುಡ್ಡು ಕೊಟ್ಟಲ್ಲಿಗೆ ಲೆಕ್ಕ ಮುಗಿಯಿತೇ? ಈ ಪ್ರಶ್ನೆಗೆ ಡ್ರೆಸ್ಸರ್ ಒಳ್ಳೆಯ ಉದಾಹರಣೆ. ಮಲಗುವ ಕೋಣೆಯಲ್ಲಿ ಗೋಡೆಗೆ ಆನಿಸಿ ಇಡುವ, ಆರೋ ಎಂಟೋ ಡ್ರಾಯರ್‌ಗಳುಳ್ಳ, ಕೆಲವೊಮ್ಮೆ ಮೇಲೊಂದು ಕನ್ನಡಿಯಿರುವ ಈ ಸಾಮಾನು ಅಮೆರಿಕದ ಮನೆಮನೆಯಲ್ಲೂ ಇದೆ. ನಮ್ಮ ಊರುಗಳಲ್ಲಿ ಇದರ ಕೆಲಸವನ್ನು ಮರದ ಪೆಟ್ಟಿಗೆ, ಕಬ್ಬಿಣದ ಟ್ರಂಕು, ಆಮೇಲೆ ಗೋದ್ರೆಜ್ ಬೀರು ಮಾಡುತ್ತಿದ್ದವು. ಊಟದ ಮೇಜಿನ ಮುಂದೆ ಎಲ್ಲರೂ ಕೂರುತ್ತಾರೆ. ಡ್ರೆಸ್ಸರ್ ಹಾಗಲ್ಲ. ಒಳಉಡುಪು, ಒಡವೆ, ಹಳೆಯ ಕಾಗದ, ಮಗುವಿನ ಮೊದಲ ಕುಲಾವಿ ಎಲ್ಲ ಅದರೊಳಗೆ. ಮನೆಯವರ ಗುಟ್ಟು ತಿಳಿದ ಸಾಮಾನು ಅದು. ಆದ್ದರಿಂದಲೇ ಇನ್ನೊಬ್ಬರ ಡ್ರೆಸ್ಸರ್ ತರುವಾಗ ಮನಸ್ಸು ಸ್ವಲ್ಪ ಹಿಂಜರಿಯುತ್ತದೆ.

ಆ ಹಿಂಜರಿಕೆಯನ್ನು ಬಾಯಿಬಿಟ್ಟು ಹೇಳುವವರು ನಮ್ಮ ಹಿರಿಯರು. ನನಗೆ ಗೊತ್ತಿರುವ ಒಂದು ಮನೆಯಲ್ಲಿ ಸೊಸೆ ಒಂದು ಎಸ್ಟೇಟ್ ಸೇಲ್‌ನಿಂದ ಬಂದ ವಾಲ್‌ನಟ್ ಮರದ ಡ್ರೆಸ್ಸರನ್ನು ಅಂಗಡಿಯಲ್ಲಿ ನೋಡಿ ಮೆಚ್ಚಿಕೊಂಡರು. ಎಸ್ಟೇಟ್ ಸೇಲ್ ಎಂದರೇನೆಂದು ಶಿವಮೊಗ್ಗದಿಂದ ಬಂದಿದ್ದ ಅತ್ತೆ ಕೇಳಿದರು. ಮನೆಯ ಯಜಮಾನರು ತೀರಿಕೊಂಡ ಮೇಲೋ, ವೃದ್ಧಾಶ್ರಮ ಸೇರಿದ ಮೇಲೋ ಇಡೀ ಮನೆಯ ಬಾಗಿಲು ತೆರೆದು, ಚಮಚದಿಂದ ಹಿಡಿದು ಮಂಚದವರೆಗೆ ಎಲ್ಲಕ್ಕೂ ಚೀಟಿ ಅಂಟಿಸಿ, ಅಪರಿಚಿತರಿಗೆ ಮಾರುವುದು ಎಂದು ಮಗ ವಿವರಿಸಿದ. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾರು ಯಾವ ಸಂಕಟದಲ್ಲಿ ಆ ಡ್ರಾಯರ್ ಎಳೆದಿದ್ದಾರೋ ಏನೋ ಕಣಮ್ಮ, ಅದನ್ನ ತಂದು ನೀನು ಮಲಗೋ ಕೋಣೇಲಿ ಇಟ್ಕೋತೀಯಾ?" ಎಂದರಂತೆ. ಸೊಸೆ, "ಅತ್ತೆ, ನಿಮ್ಮ ಅತ್ತೆಯವರ ಹಂಡೇಲಿ ನಾವೆಲ್ಲ ಸ್ನಾನ ಮಾಡಲಿಲ್ವಾ?" ಎಂದು ಕೇಳಿದರು. "ಅದು ಬೇರೆ, ಅವರು ನಮ್ಮೋರು," ಎಂದು ಉತ್ತರ ಬಂತು.

ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ. ಹಾಗೆ ಮಾಡಬಾರದು ಎಂದು ನನ್ನ ಅಭಿಪ್ರಾಯ. ಆ ತಾಯಿಯ ಮಾತಿನಲ್ಲಿ ಎರಡು ಅಂಶಗಳಿವೆ. ಒಂದು, ವಸ್ತುವಿನೊಳಗೆ ಬಳಸಿದವರ ಬದುಕು ಸ್ವಲ್ಪವಾದರೂ ಉಳಿದಿರುತ್ತದೆ ಎಂಬುದು. ಎರಡು, ಅದು ಪರಕೀಯರ ಬದುಕಾದರೆ ನಮಗೆ ಅಪಾಯ ಎಂಬುದು. ಎರಡನೆಯದನ್ನು ನಾನು ಒಪ್ಪುವುದಿಲ್ಲ, ಅದರ ಕಾರಣವನ್ನು ಮುಂದೆ ಹೇಳುತ್ತೇನೆ. ಆದರೆ ಮೊದಲನೆಯದು ಎಷ್ಟು ಸರಿಯಾದ ಮಾತು! ಸತ್ತವರ ವಸ್ತುವನ್ನು ನಾವು ಎಂದೂ ದೂರವಿಟ್ಟವರಲ್ಲ. ಅಜ್ಜಿಯ ಧಾರೆ ಸೀರೆ, ತಾತನ ಕೈಗಡಿಯಾರ, ಮುತ್ತಜ್ಜಿಯ ಹೆಸರು ಕೊರೆಸಿದ ತಂಬಿಗೆ ಇವೆಲ್ಲ ನಮಗೆ ಬಹು ಪ್ರಿಯವಾದ ಆಸ್ತಿಗಳು. ಆ ತಾಯಿಗೆ ತೊಡಕಾಗಿ ಕಂಡದ್ದು ಸಾವಲ್ಲ, ಅಪರಿಚಿತತೆ. ಹಾಗಾದರೆ ಕೇಳಬೇಕಾದ ಪ್ರಶ್ನೆಯನ್ನೇ ಅವರು ಕೇಳಿದ್ದಾರೆ: ಈ ಡ್ರಾಯರ್ ಎಳೆದವರು ಯಾರು? ಅಂಗಡಿಯಲ್ಲಿ ನಾವು ಬೆಲೆ ಕೇಳುತ್ತೇವೆ, ಅಳತೆ ಕೇಳುತ್ತೇವೆ. ಈ ಪ್ರಶ್ನೆಯನ್ನು ಕೇಳುವುದಿಲ್ಲ.

ಕೇಳಿ ನೋಡೋಣ. ಎಳೆದವರ ಹೆಸರು ತಿಳಿಯದೆ ಹೋಗಬಹುದು. ಮಾಡಿದವರ ಬಗ್ಗೆ ಸ್ವಲ್ಪ ತಿಳಿಯಬಹುದು. ಈ ದೇಶದ ಹಳೆಯ ಡ್ರೆಸ್ಸರ್‌ಗಳಲ್ಲಿ ಎಷ್ಟೋ ಮಿಷಿಗನ್ ರಾಜ್ಯದ ಗ್ರ್ಯಾಂಡ್ ರ‍್ಯಾಪಿಡ್ಸ್ ಎಂಬ ಊರಿನಲ್ಲಿ ತಯಾರಾದವು. 1876ರಲ್ಲಿ ಫಿಲಡೆಲ್ಫಿಯಾದಲ್ಲಿ ನಡೆದ ಶತಮಾನೋತ್ಸವದ ಪ್ರದರ್ಶನದಲ್ಲಿ ಅಲ್ಲಿನ ಕಂಪನಿಗಳು ತಮ್ಮ ಸಾಮಾನುಗಳನ್ನು ಇಟ್ಟ ಮೇಲೆ ಆ ಊರಿನ ಹೆಸರು ದೇಶವಿಡೀ ಹರಡಿ, ಪೀಠೋಪಕರಣಗಳ ನಗರವೆಂದೇ ಅದು ಪ್ರಸಿದ್ಧವಾಯಿತು. ಆ ಕಾರ್ಖಾನೆಗಳಲ್ಲಿ ದುಡಿದವರಲ್ಲಿ ಬಹುಮಂದಿ ಹಾಲೆಂಡ್ ಮತ್ತು ಪೋಲೆಂಡ್ ಕಡೆಯಿಂದ ಬಂದ ವಲಸೆಗಾರರು. 1911ರಲ್ಲಿ ಅವರು ದಿನಕ್ಕೆ ಒಂಬತ್ತು ಗಂಟೆಯ ಕೆಲಸ ಮತ್ತು ಶೇಕಡಾ ಹತ್ತು ಕೂಲಿ ಹೆಚ್ಚಳ ಕೇಳಿ ಮುಷ್ಕರ ಹೂಡಿದರು. ಸಾವಿರಾರು ಜನ ಸುಮಾರು ನಾಲ್ಕು ತಿಂಗಳು ಕೆಲಸ ಬಿಟ್ಟು ನಿಂತರು, ಕೊನೆಗೆ ಗೆಲುವು ಕಾಣದೆ ಮರಳಿದರು. ಭಾಷೆ ಬಾರದ ದೇಶಕ್ಕೆ ಬಂದು, ಭಾನುವಾರ ತಮ್ಮ ತಮ್ಮ ಚರ್ಚಿನಲ್ಲಿ ಸೇರಿ ತಾಯ್ನುಡಿಯಲ್ಲಿ ಮಾತಾಡಿಕೊಂಡು, ಮಕ್ಕಳ ಬಾಯಲ್ಲಿ ಇಂಗ್ಲಿಷೇ ಹೆಚ್ಚಾಯಿತೆಂದು ಕೊರಗುವುದು ಹೇಗಿರುತ್ತದೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ಕಾಲದ ಒಂದು ಡ್ರಾಯರಿನ ಹಿಂಬದಿಯಲ್ಲಿ ಪೆನ್ಸಿಲ್‌ನಿಂದ ಗೀಚಿದ ಅಂಕಿ ಕಂಡರೆ, ಅದು ಅಂಥ ಒಬ್ಬನ ಕೈಬರಹವಿರಬಹುದು.

ಇನ್ನು ಮೇಲಿನ ಮೆರುಗು. 1920ರ ದಶಕದವರೆಗೂ ಇಲ್ಲಿನ ಒಳ್ಳೆಯ ಮರದ ಸಾಮಾನುಗಳಿಗೆ ಹಚ್ಚುತ್ತಿದ್ದದ್ದು ಮುಖ್ಯವಾಗಿ ಶೆಲ್ಯಾಕ್. ಅದೇನೆಂದು ಬಲ್ಲಿರಾ? ನಮ್ಮ ಅರಗು! ಪಾಂಡವರನ್ನು ಸುಡಲು ದುರ್ಯೋಧನ ಕಟ್ಟಿಸಿದ ಮನೆಯ ಅರಗು, ಚನ್ನಪಟ್ಟಣದ ಗೊಂಬೆಗಳಿಗೆ ಬಣ್ಣ ಕೂರಿಸುವ ಅರಗು. ಮರದ ಕೊಂಬೆಗಳ ಮೇಲೆ ಸಣ್ಣ ಕೀಟಗಳು ಸ್ರವಿಸುವ ಈ ಅಂಟನ್ನು ಜಗತ್ತಿಗೆಲ್ಲ ಹೆಚ್ಚಾಗಿ ಒದಗಿಸುತ್ತಿದ್ದದ್ದು ಭಾರತವೇ. ಪೂರ್ವ ಭಾರತದ ಕಾಡಿನಂಚಿನ ಜನ ಕೊಂಬೆಯಿಂದ ಕೆರೆದದ್ದು ಕಲ್ಕತ್ತೆಯ ಬಂದರಿನಿಂದ ಹಡಗು ಹತ್ತಿ ಇಲ್ಲಿಗೆ ಬಂದು ಅಮೆರಿಕದ ಅಜ್ಜಿಯ ಡ್ರೆಸ್ಸರ್ ಮೇಲೆ ಮಿಂಚಿತು. ಮಹಾಗನಿ ಮರದ ಕಥೆ ಇನ್ನೂ ಕಹಿ. ಹದಿನೆಂಟನೆಯ ಶತಮಾನದಲ್ಲಿ ಇಂದಿನ ಬೆಲೀಜ್ ಕಾಡುಗಳಲ್ಲಿ ಆ ಮರಗಳನ್ನು ಕಡಿದವರು ಆಫ್ರಿಕದಿಂದ ಹಿಡಿದು ತಂದ ಗುಲಾಮರು. ಹೀಗೆ ನೋಡುತ್ತ ಹೋದರೆ, ಪರಕೀಯರ ವಸ್ತು ಎಂದು ಯಾವುದನ್ನು ದೂರವಿಡಲು ಹೊರಟೆವೋ ಅದರಲ್ಲಿ ನಮ್ಮವರ ಕೈಯೂ ಇದೆ, ನಮ್ಮಂತೆ ಊರು ಬಿಟ್ಟು ಬಂದವರ ಕೈಯೂ ಇದೆ, ಊರಿನಿಂದ ಕಿತ್ತು ತಂದವರ ಕೈಯೂ ಇದೆ. ಆ ತಾಯಿಯ ಎರಡನೆಯ ಮಾತನ್ನು ನಾನು ಒಪ್ಪದಿರುವುದು ಈ ಕಾರಣಕ್ಕೆ. ನಮ್ಮದು, ಪರರದು ಎಂಬ ಗೆರೆ ನಾವು ತಿಳಿದಲ್ಲಿ ಇಲ್ಲ.

ಈಗ ಎರಡನೆಯ ಆಕ್ಷೇಪಣೆಗೆ ಬರೋಣ. ಇದು ಹಿರಿಯರದಲ್ಲ, ನಮ್ಮ ಇಂಜಿನಿಯರ್ ಮಿತ್ರರದು. "ಹಳೆಯದು ಎಂದು ದುಡ್ಡು ಕೊಡುತ್ತೀರಿ. ಮೇಲಿನ ಹಲಗೆ ಹೊಸದು, ಹಿಡಿಗಳು ಹೊಸವು, ಪಾಲಿಶ್ ಹೊಸದು, ಕಾಲುಗಳಲ್ಲಿ ಎರಡು ಹೊಸವು. ಹಾಗಾದರೆ ಹಳೆಯದು ಯಾವುದು ಸ್ವಾಮಿ?"

ಇದು ಬಹು ಪುರಾತನವಾದ ಪ್ರಶ್ನೆ. ಗ್ರೀಕರು ಇದನ್ನು ಥೀಸಿಯಸನ ಹಡಗಿನ ಬಗ್ಗೆ ಕೇಳಿದರು: ಕೊಳೆತ ಹಲಗೆಗಳನ್ನು ಒಂದೊಂದಾಗಿ ಬದಲಿಸಿ ಎಲ್ಲವೂ ಹೊಸದಾದ ಮೇಲೆ ಹಡಗು ಅದೇ ತಾನೇ? ನಮ್ಮಲ್ಲಿ ಬೌದ್ಧ ಭಿಕ್ಷು ನಾಗಸೇನ ಯವನ ದೊರೆ ಮಿಲಿಂದನಿಗೆ ರಥದ ಉದಾಹರಣೆ ಕೊಟ್ಟ. ಗಾಲಿ ರಥವಲ್ಲ, ಅಚ್ಚು ರಥವಲ್ಲ, ನೊಗ ರಥವಲ್ಲ. ಇವೆಲ್ಲ ಕೂಡಿದಾಗ ನಾವು ಇಟ್ಟುಕೊಂಡ ಹೆಸರು ರಥ ಎಂಬುದು ಅವನ ವಾದ. ಪುರಿಯ ಜಗನ್ನಾಥನ ವಿಷಯ ಇನ್ನೂ ಸ್ವಾರಸ್ಯ. ಅಲ್ಲಿ ಬೇವಿನ ಮರದ ಮೂರ್ತಿಗಳನ್ನೇ ಆಗಾಗ ಹೊಸದಾಗಿ ಮಾಡುತ್ತಾರೆ. 1996ರಲ್ಲಿ ಮಾಡಿದರು, ಮತ್ತೆ 2015ರಲ್ಲಿ ಮಾಡಿದರು. ಹಳೆಯ ಮೂರ್ತಿಯೊಳಗಿನ ಬ್ರಹ್ಮಪದಾರ್ಥವನ್ನು ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಸೇವಕರು ರಾತ್ರಿಯಲ್ಲಿ ಹೊಸ ಮೂರ್ತಿಗೆ ಸಾಗಿಸುತ್ತಾರೆ. ಮರವೆಲ್ಲ ಹೊಸದಾದರೂ ಭಕ್ತನ ಪಾಲಿಗೆ ದೇವರು ಅವನೇ.

ಆದರೆ ಓದುಗರೇ, ಈ ಮೂರು ಉದಾಹರಣೆಗಳಲ್ಲೂ ಒಂದು ಸಮಾನ ಅಂಶವಿದೆ. ಬದಲಿಸಿದ್ದನ್ನು ಯಾರೂ ಮುಚ್ಚಿಡಲಿಲ್ಲ. ಪುರಿಯಲ್ಲಿ ಮೂರ್ತಿ ಬದಲಾದದ್ದು ಲಕ್ಷಾಂತರ ಜನ ನೆರೆಯುವ ಉತ್ಸವ. ಅದೇ ಡ್ರೆಸ್ಸರೇ ಎಂಬ ಪ್ರಶ್ನೆಯನ್ನು ತಾರ್ಕಿಕರು ಚರ್ಚಿಸಲಿ. ಕೊಳ್ಳುವವನ ಮತ್ತು ಮಾರುವವನ ನಡುವಿನ ಪ್ರಶ್ನೆ ಇನ್ನೂ ಸರಳವಾದುದು: ಏನು ಬದಲಿಸಿದ್ದೀರಿ ಎಂದು ಹೇಳಿದಿರಾ? ಹೇಳಿದರೆ ದುರಸ್ತಿ, ಮುಚ್ಚಿಟ್ಟರೆ ಮೋಸ. ಹಳೆಯ ಸಾಮಾನಿನ ವ್ಯಾಪಾರದಲ್ಲಿ ಒಂದರ ತಲೆಗೆ ಇನ್ನೊಂದರ ಬುಡ ಜೋಡಿಸಿದ್ದನ್ನು 'ಮ್ಯಾರೀಡ್' ಎನ್ನುತ್ತಾರೆ. ಹೆಸರೇನೋ ಚೆನ್ನಾಗಿದೆ, ಆದರೆ ಮದುವೆಯಾದ ಸಂಗತಿಯನ್ನು ಗ್ರಾಹಕನಿಗೆ ಹೇಳದಿದ್ದರೆ? ಹೊಸ ಮರವನ್ನು ಸರಪಳಿಯಿಂದ ಹೊಡೆದು, ಅಂಚು ಉಜ್ಜಿ, ಐವತ್ತು ವರ್ಷದ ಗಾಯಗಳನ್ನು ಒಂದು ಮಧ್ಯಾಹ್ನದಲ್ಲಿ ಮಾಡುವುದೂ ಉಂಟು. ಚೆಂದಕ್ಕೆಂದು ತಿಳಿದೇ ಕೊಂಡರೆ ಅದರಲ್ಲಿ ತಪ್ಪಿಲ್ಲ. ಆದರೆ ಬದುಕದೇ ಇದ್ದ ಬದುಕಿನ ಗುರುತುಗಳನ್ನು ದುಡ್ಡು ಕೊಟ್ಟು ಕೊಳ್ಳುವುದು ನನಗೇಕೋ ಸರಿ ಬರುವುದಿಲ್ಲ.

ಆದ್ದರಿಂದ ಆರಿಸುವವನು ಕಣ್ಣು ತೆರೆದಿರಬೇಕು. ಬೆಳ್ಳಗಿರುವುದೆಲ್ಲ ಹಾಲಲ್ಲ. ಡ್ರೆಸ್ಸರಿನ ಮುಖ ನೋಡಿ ಮರುಳಾಗದೆ ಡ್ರಾಯರನ್ನು ಪೂರಾ ಹೊರಗೆಳೆದು ಅದರ ಮೂಲೆ ನೋಡಿ. ಪಾರಿವಾಳದ ಬಾಲದಂತೆ ಬಿಚ್ಚಿಕೊಂಡ ಹಲ್ಲುಗಳು ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ, ಇದೇ ಡವ್‌ಟೇಲ್. ಹಲ್ಲುಗಳು ಒಂದೊಂದು ಒಂದೊಂದು ಅಳತೆಯವಾಗಿದ್ದರೆ ಉಳಿ ಹಿಡಿದ ಕೈಯ ಕೆಲಸವಿರಬಹುದು. ಎಲ್ಲವೂ ಒಂದೇ ಸಮವಾಗಿದ್ದರೆ ಯಂತ್ರದ್ದು. ಹಲ್ಲಿನ ಬದಲು ಅರ್ಧಚಂದ್ರದೊಳಗೆ ಬೊಟ್ಟಿಟ್ಟಂತಹ ಜೋಡಣೆ ಕಂಡರೆ ಅದು ನ್ಯಾಪ್ ಜಾಯಿಂಟ್. 1870ರ ದಶಕದಿಂದ ಸುಮಾರು 1900ರವರೆಗೆ ಮಾತ್ರ ಬಳಕೆಯಲ್ಲಿದ್ದ ಕಾರಣ ವಯಸ್ಸನ್ನು ತಾನೇ ಹೇಳಿಬಿಡುತ್ತದೆ. ಡ್ರಾಯರಿನ ತಳ, ಪಕ್ಕಗಳು ಮುಂಭಾಗಕ್ಕಿಂತ ಸಾಧಾರಣ ಮರದವಾಗಿರುವುದು ಹಿಂದಿನಿಂದಲೂ ಇರುವ ಪದ್ಧತಿ. ಮೇಲೆ ತೆಳ್ಳನೆಯ ವೆನೀರ್ ಅಂಟಿಸಿದ್ದರೆ ಅದೂ ಮೋಸವಲ್ಲ, ಅದು ಒಂದು ಹಳೆಯ ಕಸುಬು. ಹಿಡಿಗಳ ಹಿಂದೆ ಮುಚ್ಚಿದ ಹಳೆಯ ತೂತುಗಳಿದ್ದರೆ ಹಿಡಿ ಬದಲಾಗಿದೆ ಎಂದರ್ಥ. ಡ್ರಾಯರ್ ಬಿಗಿಯಾಗಿದ್ದರೆ ಹೆದರಬೇಡಿ, ಜಾರುವ ಕಡೆ ಮೇಣದ ಬತ್ತಿ ಉಜ್ಜಿದರೆ ಎಷ್ಟೋ ವೇಳೆ ಸರಿಹೋಗುತ್ತದೆ. ಆಮೇಲೆ ಮಾರುವವನನ್ನು ಕೇಳಿ: ಏನೇನು ಬದಲಿಸಿದಿರಿ? ನೇರವಾಗಿ ಉತ್ತರ ಹೇಳುವವನ ಬಳಿ ಹತ್ತಿಪ್ಪತ್ತು ಡಾಲರ್ ಹೆಚ್ಚಾದರೂ ಚಿಂತೆಯಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು, ಮುಖ್ಯವಾಗಿ ಸಣ್ಣ ಮಕ್ಕಳಿರುವ ಮನೆಗಳಿಗೆ ಮತ್ತು ಮೊಮ್ಮಕ್ಕಳು ಬಂದು ಹೋಗುವ ಮನೆಗಳಿಗೆ. ಸೀಸ ಬೆರೆತ ಬಣ್ಣವನ್ನೂ, ಆ ಬಣ್ಣ ಬಳಿದ ಪೀಠೋಪಕರಣಗಳನ್ನೂ ಈ ದೇಶ ನಿಷೇಧಿಸಿದ್ದು 1978ರಲ್ಲಿ. ಅದಕ್ಕೆ ಹಿಂದೆ ಬಣ್ಣ ಬಳಿದ ಡ್ರೆಸ್ಸರಿನ ಚಕ್ಕೆಯಲ್ಲಿ, ಅದನ್ನು ಉಜ್ಜಿದಾಗ ಏಳುವ ಧೂಳಿನಲ್ಲಿ ಸೀಸವಿರಬಹುದು. ಪರೀಕ್ಷೆ ಮಾಡಿಸದೆ ಸ್ಯಾಂಡ್‌ಪೇಪರ್ ಹಿಡಿಯಬೇಡಿ. ಇನ್ನೊಂದು, ಮಕ್ಕಳು ಡ್ರಾಯರನ್ನು ಮೆಟ್ಟಿಲು ಮಾಡಿಕೊಂಡು ಹತ್ತಿದಾಗ ಇಡೀ ಡ್ರೆಸ್ಸರ್ ಮಗುಚಿ ಬೀಳುವ ಅಪಾಯ. ಹೀಗೆ ಎಷ್ಟೋ ಮಕ್ಕಳು ಸತ್ತ ಮೇಲೆ, 2022ರ ಕೊನೆಯಲ್ಲಿ ಒಂದು ಕಾನೂನು ಬಂತು. 2023ರ ಸೆಪ್ಟೆಂಬರ್ 1ರಿಂದ ತಯಾರಾಗುವ ಡ್ರೆಸ್ಸರ್‌ಗಳು ಮಗುಚದಂತೆ ಪರೀಕ್ಷೆಯಲ್ಲಿ ಗೆಲ್ಲಬೇಕು. ಹಳೆಯವಕ್ಕೆ ಆ ಕಾನೂನು ಅನ್ವಯಿಸುವುದಿಲ್ಲ. ಅವನ್ನು ಗೋಡೆಗೆ ಬಿಗಿದು ಕಟ್ಟುವುದು ತಂದವರ ಕೆಲಸ. ಹಳೆಯದರ ಮೇಲಿನ ನಮ್ಮ ಪ್ರೀತಿಗೆ ಮಗು ಬೆಲೆ ತೆರಬಾರದು. ಗೋಡೆಗೆ ಮೊಳೆ ಹೊಡೆಯಲು ಮನಸ್ಸಿಲ್ಲದಿದ್ದರೆ ಹಳೆಯ ಡ್ರೆಸ್ಸರ್ ಬೇಡ.

ಮೂರನೆಯ ಆಕ್ಷೇಪಣೆ ನಮ್ಮ ಮಕ್ಕಳ ತಲೆಮಾರಿನದು. "ಅಪ್ಪಾ, ಡ್ರೆಸ್ಸರ್ ನಮ್ಮದು. ಬೇಕಾದ ಬಣ್ಣ ಬಳಿಯುತ್ತೇವೆ, ಬೇಕಾದರೆ ಕತ್ತರಿಸಿ ಟಿವಿ ಇಡುತ್ತೇವೆ. ಅದಕ್ಕೇನು ನೋವಾಗುತ್ತದೆಯೇ?" ನೂರು ವರ್ಷದ ವಾಲ್‌ನಟ್ ಮೇಲೆ ಬಿಳಿ ಬಣ್ಣ ಬಳಿಯುವ ಫ್ಯಾಷನ್ ನೋಡಿ ಸಂಕಟಪಡುವವರೂ ಇದ್ದಾರೆ, ನಗುವವರೂ ಇದ್ದಾರೆ. ಇದರಲ್ಲಿ ನೀತಿ ಅನೀತಿಯ ಮಾತು ಏನಿದೆ?

ಕಾನೂನಿನಲ್ಲಿ ಏನೂ ಇಲ್ಲ. ಕೊಂಡವನೇ ಒಡೆಯ. ಆದರೆ ನಮ್ಮ ನಾಡಿನ ಶಾಸನಗಳನ್ನು ನೋಡಿದವರಿಗೆ ಒಂದು ವಿಷಯ ಗೊತ್ತಿರುತ್ತದೆ. ಕಲ್ಲಿನ ಶಾಸನವಾಗಲಿ, ತಾಮ್ರಪಟವಾಗಲಿ, ದಾನದ ವಿವರವೆಲ್ಲ ಮುಗಿದ ಮೇಲೆ ಕೊನೆಯಲ್ಲಿ ಮತ್ತೆ ಮತ್ತೆ ಬರುವ ಒಂದು ಮಾತುಂಟು: ತಾನು ದಾನ ಕೊಡುವುದಕ್ಕಿಂತ ಇನ್ನೊಬ್ಬರು ಕೊಟ್ಟದ್ದನ್ನು ಕಾಪಾಡುವುದು ದೊಡ್ಡದು ಎಂಬ ಅಭಿಪ್ರಾಯ. ಕೊಟ್ಟವನಿಗೆ ಸ್ವರ್ಗ, ಕಾಪಾಡಿದವನಿಗೆ ಅದಕ್ಕೂ ಮೇಲಿನ ಪದವಿ. ಹಾಳುಮಾಡಿದವನಿಗೆ ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುವ ಶಾಪ ಬೇರೆ! ಏಕೆ ಹೀಗೆ ಬರೆಸಿದರು? ಕೊಟ್ಟ ರಾಜನಿಗೆ ತನ್ನ ಹೆಸರು ಉಳಿಯುತ್ತದೆ, ಉತ್ಸಾಹವಿರುತ್ತದೆ. ನೂರು ವರ್ಷದ ಮೇಲೆ ಬರುವ ಇನ್ನೊಬ್ಬ ರಾಜನಿಗೆ ಆ ದಾನದಿಂದ ಏನೂ ಲಾಭವಿಲ್ಲ, ಹೆಸರೂ ಇಲ್ಲ. ಹೆಸರಿಲ್ಲದ ಆ ಕೆಲಸವನ್ನು ಅವನು ಮಾಡಿದರೆ ಮಾತ್ರ ಮೊದಲಿನವನು ಮಾಡಿದ್ದು ಉಳಿದೀತು. ದೇವಸ್ಥಾನದ ದತ್ತಿಗೂ ಡ್ರೆಸ್ಸರಿಗೂ ಎಲ್ಲಿಯ ಹೋಲಿಕೆ ಎಂದು ನೀವು ನಗಬಹುದು. ಗಾತ್ರದಲ್ಲಿ ಹೋಲಿಕೆಯಿಲ್ಲ ನಿಜ. ಆದರೆ ನಿಯಮ ಅದೇ. ಮುಂಚೆ ಒಬ್ಬರು ಮಾಡಿದ್ದಾರೆ, ಮುಂದೆ ಒಬ್ಬರು ಪಡೆಯಲಿದ್ದಾರೆ, ನಡುವೆ ನಮ್ಮದೊಂದು ಸರದಿ. ಒಡೆತನ ಎಂದು ನಾವು ಕರೆಯುವುದು ಬಹುಪಾಲು ಈ ಸರದಿಯನ್ನೇ.

ಹಾಗೆಂದು ಪ್ರತಿಯೊಂದು ಹಳೆಯ ಡ್ರೆಸ್ಸರಿಗೂ ಮಂಗಳಾರತಿ ಎತ್ತಬೇಕೆಂದು ನನ್ನ ವಾದವಲ್ಲ. 1930ರ ಮತ್ತು 1940ರ ದಶಕಗಳಲ್ಲಿ ಸಾಧಾರಣ ಮರದಲ್ಲಿ, ತೆಳು ವೆನೀರ್ ಅಂಟಿಸಿ ರಾಶಿ ರಾಶಿ ತಯಾರಾದವು ಬೇಕಾದಷ್ಟಿವೆ. ವೆನೀರ್ ಕಿತ್ತುಹೋದ ಅಂಥದ್ದಕ್ಕೆ ಒಂದು ಕೈ ಬಣ್ಣ ಬಳಿದರೆ ಇನ್ನೂ ಮೂವತ್ತು ವರ್ಷ ಬಾಳುತ್ತದೆ. ಬಳಿಯದಿದ್ದರೆ ಕಸದ ಗುಂಡಿ ಸೇರುತ್ತದೆ. ಈ ದೇಶದ ಪರಿಸರ ಇಲಾಖೆಯ ಲೆಕ್ಕದಂತೆ 2018ರ ಒಂದೇ ವರ್ಷದಲ್ಲಿ ಕಸಕ್ಕೆ ಬಂದ ಪೀಠೋಪಕರಣ ಮತ್ತು ಗೃಹಾಲಂಕಾರದ ಸಾಮಾನು ಸುಮಾರು 1 ಕೋಟಿ 20 ಲಕ್ಷ ಟನ್. ಅದರಲ್ಲಿ ಶೇಕಡಾ 80ರಷ್ಟು ನೆಲದಲ್ಲಿ ಹೂತುಹೋಯಿತು. ಇದನ್ನು ನೋಡಿದ ಮೇಲೆ ಬಿಳಿ ಬಣ್ಣ ಬಳಿದ ಹುಡುಗಿಯನ್ನು ಬೈಯಲು ಬಾಯಿ ಬರುವುದಿಲ್ಲ.

ಹಾಗಾದರೆ ಗೆರೆ ಎಲ್ಲಿ? ಹಳೆಯ ಬಡಗಿಗಳೇ ಅದನ್ನು ತೋರಿಸಿಕೊಟ್ಟಿದ್ದಾರೆ. ಅವರು ಬಳಸುತ್ತಿದ್ದ ಅಂಟು ಬಿಸಿ ಮತ್ತು ತೇವ ತಾಗಿದರೆ ಬಿಟ್ಟುಕೊಳ್ಳುತ್ತದೆ. ಅವರು ಹಚ್ಚುತ್ತಿದ್ದ ಅರಗು ಸ್ಪಿರಿಟ್ ಸೋಕಿದರೆ ಕರಗುತ್ತದೆ. ಅಂಗಡಿಯವರು ಹಳೆಯ ಮೆರುಗನ್ನು ಗುರುತಿಸಲು ಕಾಣದ ಮೂಲೆಯಲ್ಲಿ ಒಂದು ಹನಿ ಸ್ಪಿರಿಟ್ ಒರೆಸಿ ನೋಡುವುದು ಇದಕ್ಕೇ. ಇದು ಅವುಗಳ ದೌರ್ಬಲ್ಯ ಎಂದು ತೋರಬಹುದು. ಆದರೆ ಇದರಿಂದಲೇ ಎಂಬತ್ತು ವರ್ಷದ ಮೇಲೆ ಇನ್ನೊಬ್ಬ ಬಡಗಿ ಆ ಕೀಲನ್ನು ಮುರಿಯದೆ ಬಿಚ್ಚಿ, ಸರಿಪಡಿಸಿ, ಮತ್ತೆ ಕೂಡಿಸಬಲ್ಲ. ತಾನು ಮಾಡಿದ್ದು ಒಂದು ದಿನ ಸಡಿಲವಾಗುತ್ತದೆ, ಆಗ ಬೇರೊಬ್ಬನ ಕೈ ಇದರೊಳಗೆ ಬರಬೇಕಾಗುತ್ತದೆ ಎಂಬುದಕ್ಕೆ ಆ ಕಸುಬಿನಲ್ಲೇ ಜಾಗವಿತ್ತು. ಆ ಅಂಟು ಪ್ರಾಣಿಗಳ ಚರ್ಮ ಮೂಳೆಗಳಿಂದ ಮಾಡಿದ್ದು. ನಮ್ಮಲ್ಲಿ ಕೆಲವು ಮನೆಗಳವರಿಗೆ ಇದು ಮುಜುಗರವೆನಿಸೀತು. ಅಂಥವರು ಕೊಳ್ಳುವ ಮೊದಲೇ ತಿಳಿದಿರಲಿ ಎಂದು ಹೇಳುತ್ತಿದ್ದೇನೆ. ಒಟ್ಟಿನಲ್ಲಿ ನನಗೆ ಕಾಣುವ ಗೆರೆ ಇದು: ನೀವು ಮಾಡುವುದನ್ನು ನಿಮ್ಮ ನಂತರದವರು ಬಿಚ್ಚಿ ಸರಿಪಡಿಸಲು ಸಾಧ್ಯವೇ? ಬಣ್ಣವನ್ನು ಶ್ರಮಪಟ್ಟಾದರೂ ತೆಗೆಯಬಹುದು. ಉಜ್ಜಿ ತೂತಾದ ವೆನೀರ್ ಮರಳುವುದಿಲ್ಲ, ಕತ್ತರಿಸಿದ ಡ್ರಾಯರ್ ಕೂಡುವುದಿಲ್ಲ. ನಿಮ್ಮ ಅನುಕೂಲಕ್ಕೆ ಬೇಕಾದಷ್ಟು ಮಾಡಿಕೊಳ್ಳಿ, ಮುಂದಿನವರ ಬಾಗಿಲು ಮುಚ್ಚಬೇಡಿ.

ಇಷ್ಟೆಲ್ಲ ಬರೆಯುವುದಕ್ಕೆ ಇನ್ನೊಂದು ಕಾರಣವೂ ಇದೆ. ನಾವು ಇಲ್ಲಿ ಯಾರದೋ ಮನೆಯ ಡ್ರೆಸ್ಸರ್ ಕೊಳ್ಳುತ್ತಿರುವಾಗ ಅಲ್ಲಿ ನಮ್ಮ ಮನೆಗಳ ಸಾಮಾನನ್ನು ಯಾರೋ ಕೊಳ್ಳುತ್ತಿದ್ದಾರೆ. ಅಪ್ಪ ಅಮ್ಮ ತೀರಿಕೊಂಡ ಮೇಲೆ ಎರಡು ವಾರದ ರಜೆಯಲ್ಲಿ ಹೋಗಿ ಮನೆ ಖಾಲಿ ಮಾಡಿ ಬಂದವರು ನಮ್ಮಲ್ಲಿ ಎಷ್ಟು ಜನರಿಲ್ಲ? ಕೊಪ್ಪರಿಗೆ ತೂಕಕ್ಕೆ ಹೋಯಿತು. ಬೀಟೆ ಮರದ ಮಂಚ, ಕೆತ್ತನೆಯ ಬಾಗಿಲುವಾಡ ಹಳೆಯ ಸಾಮಾನಿನವನ ಲಾರಿ ಹತ್ತಿದವು. ಅವು ಈಗ ಯಾವುದೋ ಹೋಟೆಲಿನ ಮುಂಬಾಗಿಲಲ್ಲೋ, ಯಾರದೋ ತೋಟದ ಮನೆಯಲ್ಲೋ ಇವೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕೆಡವಲಿದ್ದ ಹಳೆಯ ಮನೆಗಳನ್ನು ಕಂಬ ಕಂಬವಾಗಿ ಬಿಚ್ಚಿ ತಂದು ಮತ್ತೆ ನಿಲ್ಲಿಸಿದ ಹಸ್ತಶಿಲ್ಪ ಗ್ರಾಮವನ್ನು ನೋಡಿದವರಿಗೆ, ಕೊಂಡವರು ಎಂಥವರು ಎಂಬುದರ ಮೇಲೆ ಎಷ್ಟು ನಿಂತಿದೆ ಎಂದು ತಿಳಿಯುತ್ತದೆ. ನಮ್ಮ ಅಜ್ಜಿಯ ಪೆಟ್ಟಿಗೆ ಸಿಕ್ಕಿದವನು ಅದನ್ನು ಹೇಗೆ ನೋಡಿಕೊಳ್ಳಲಿ ಎಂದು ನಾವು ಬಯಸುತ್ತೇವೋ, ಇಲ್ಲಿಯ ಅಜ್ಜಿಯ ಡ್ರೆಸ್ಸರನ್ನು ನಾವು ಹಾಗೆಯೇ ನೋಡಿಕೊಳ್ಳುವುದು ನ್ಯಾಯ.

ಮುಂದಿನ ಮಾತು ಸ್ವಲ್ಪ ಕಷ್ಟದ್ದು, ಆದರೂ ಹೇಳಲೇಬೇಕು. ಇನ್ನು ಕೆಲವು ವರ್ಷಗಳಲ್ಲಿ ಎಸ್ಟೇಟ್ ಸೇಲಿನ ಚೀಟಿ ನಮ್ಮ ಮನೆಗಳ ಸಾಮಾನಿನ ಮೇಲೂ ಅಂಟಲಿದೆ. ಮೈಸೂರಿನಿಂದ ತಂದ ದಂತದ ಬಣ್ಣದ ಕುಸುರಿಯ ಆನೆ, ಹಿತ್ತಾಳೆಯ ದೀಪದ ಕಂಬ, ಮದುವೆಯ ಬೆಳ್ಳಿ ತಟ್ಟೆ ಇವೆಲ್ಲವನ್ನೂ ಮಕ್ಕಳು ಇಟ್ಟುಕೊಳ್ಳುತ್ತಾರೆಂದು ನಂಬಿ ಕೂರುವಂತಿಲ್ಲ. ಅವರ ಮನೆಗಳು ಚಿಕ್ಕವು, ಅವರ ಊರುಗಳು ಬದಲಾಗುತ್ತಿರುತ್ತವೆ, ಅವರ ನೆನಪುಗಳು ಬೇರೆ. ಅವರನ್ನು ದೂರುವುದರಲ್ಲಿ ಅರ್ಥವಿಲ್ಲ. ಒಂದು ಶನಿವಾರ ಬೆಳಿಗ್ಗೆ ಒಬ್ಬ ಅಮೆರಿಕನ್ ಹೆಂಗಸು ನಮ್ಮ ಮಲಗುವ ಕೋಣೆಗೆ ಬಂದು, ನಮ್ಮ ಡ್ರಾಯರ್ ಎಳೆದು, ಮೂಲೆಯಲ್ಲಿ ಉಳಿದ ಕುಂಕುಮದ ಕಲೆಯನ್ನು ಕಂಡು ಇದೇನಿರಬಹುದು ಎಂದುಕೊಳ್ಳುತ್ತಾಳೆ. ಅವಳಿಗೆ ಯಾರು ಹೇಳಬೇಕು?

ಅದಕ್ಕೆಂದು ಒಂದು ಸಣ್ಣ ಸಲಹೆ. ಹಳೆಯ ಡ್ರೆಸ್ಸರ್ ತಂದಿರಾದರೆ ಒಂದು ಚೀಟಿ ಬರೆದು ಡ್ರಾಯರಿನ ತಳದ ಹೊರಬದಿಗೆ ಅಂಟಿಸಿ. ಯಾವ ವರ್ಷ ಎಲ್ಲಿ ಕೊಂಡಿರಿ, ಮೊದಲಿನವರ ಬಗ್ಗೆ ತಿಳಿದದ್ದು ಏನು, ಏನೇನು ದುರಸ್ತಿ ಮಾಡಿದಿರಿ, ಯಾವ ಊರಿನಿಂದ ಬಂದ ಮನೆತನ ಇದನ್ನು ಬಳಸಿತು ಎಂದು ನಾಲ್ಕು ಸಾಲು ಸಾಕು. ಕನ್ನಡದಲ್ಲಿ ಬರೆದು ಕೆಳಗೆ ಇಂಗ್ಲಿಷಿನಲ್ಲೂ ಬರೆಯಿರಿ. ರಾಜರು ಕಲ್ಲಿನಲ್ಲಿ ಬರೆಸಿದರು, ನಮಗೆ ಒಂದು ತುಂಡು ಕಾಗದ ಸಾಲದೇ? ಶಾಪದ ಸಾಲುಗಳನ್ನು ಬೇಕಾದರೆ ಬಿಟ್ಟುಬಿಡೋಣ.

ಅಂದ ಹಾಗೆ, ಆ ವಾಲ್‌ನಟ್ ಡ್ರೆಸ್ಸರ್ ಆ ಮನೆಗೆ ಬಂತೇ ಎಂದು ಕೆಲವರು ಕೇಳಬಹುದು. ಬಂತು. ಅತ್ತೆಯವರು ಅರಿಸಿನ ಕುಂಕುಮ ಹಚ್ಚಿ, ಮೇಲಿನ ಡ್ರಾಯರ್ ತೆಗೆದು ಒಳಗೆ ಒಂದು ಹಿಡಿ ಅಕ್ಕಿ ಇಟ್ಟು ಒಂದು ದಿನ ಬಿಟ್ಟರಂತೆ. ಇದು ಯಾವ ಶಾಸ್ತ್ರ ಎಂದು ಮಗ ಕೇಳಿದಾಗ, "ಶಾಸ್ತ್ರ ಏನೂ ಇಲ್ಲಪ್ಪ, ಯಾರದೋ ಮನೇಲಿ ಅಷ್ಟು ವರ್ಷ ಬಾಳಿ ಬಂದಿದೆಯಲ್ಲ, ಬರಿಗೈಲಿ ಒಳಗೆ ಕರೀಬಾರದು," ಎಂದರಂತೆ.

ಈ ವಿಷಯದಲ್ಲಿ ಸದಸ್ಯರಿಗೆ ಬೇರೆ ಅಭಿಪ್ರಾಯಗಳಿರುವುದು ಸಹಜ. ನಿಮ್ಮ ಮನೆಯ ಹಳೆಯ ಸಾಮಾನುಗಳ ಕಥೆಯನ್ನೂ, ನನ್ನ ಮಾತಿಗೆ ನಿಮ್ಮ ಆಕ್ಷೇಪಣೆಗಳನ್ನೂ ಸಂಪಾದಕರಿಗೆ ಬರೆದು ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಚರ್ಚೆ ಮುಂದುವರಿಸಬಹುದು.